ಆರೋಗ್ಯವೂ ಅಭ್ಯಾಸವೂ

ಮನುಷ್ಯನ ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ. ನಾವು ನಿದ್ರಿಸುವಾಗಲೂ ಆಟವಾಡುವಾಗಲೂ ಪರೀಕ್ಷೆ ಬರೆಯುವಾಗಲೂ ಅದು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಇಷ್ಟು ನಿಷ್ಠೆಯಿಂದ ದುಡಿಯುವ ಅಂಗವನ್ನು, ಅದು ಚೆನ್ನಾಗಿರುವವರೆಗೆ ನಾವು ನೆನೆಯುವುದೇ ಇಲ್ಲ. ಆರೋಗ್ಯದ ಸ್ವಭಾವವೇ ಅಂಥದು. ಹಣವನ್ನು ಇರುವಾಗ ಎಣಿಸುತ್ತೇವೆ. ಆರೋಗ್ಯವನ್ನು ಕಳೆದುಕೊಂಡ ಮೇಲೆ ಎಣಿಸುತ್ತೇವೆ. ‘ಆರೋಗ್ಯವೇ ಭಾಗ್ಯ’ ಎಂಬ ಮಾತನ್ನು ಶಾಲೆಯ ಗೋಡೆಯ ಮೇಲೆ ಬರೆದವರೂ ಓದಿದವರೂ ಬಹು ಮಂದಿ. ಆ ಭಾಗ್ಯವನ್ನು ದಿನದಿನವೂ ಗಳಿಸಿಕೊಳ್ಳುವ ಬಗೆ ಹೇಗೆಂದು ವಿಚಾರ ಮಾಡಿದವರು ಕಡಿಮೆ.

2025ನೆಯ ಇಸವಿಯ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೆ ಒಂದರಂತೆ ಬಂದವು. ಮೃತರಲ್ಲಿ ಹಲವರು ಇನ್ನೂ ದುಡಿಯುವ ವಯಸ್ಸಿನವರು. ಎಳೆಯ ಮಕ್ಕಳನ್ನು ಸಾಕಬೇಕಾಗಿದ್ದವರು. ಇದರಿಂದ ಜಿಲ್ಲೆಯಲ್ಲೆಲ್ಲ ಭಯ ಹರಡಿತು. ಹಾಸನದ ಆಸ್ಪತ್ರೆಗಳಲ್ಲಿಯೂ ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲಿಯೂ ತಪಾಸಣೆಗೆ ಬಂದವರ ಸಾಲುಗಳು ಬೆಳೆದವು. ಜನರು ಗಾಬರಿಗೊಳ್ಳಬಾರದೆಂದು ವೈದ್ಯರೇ ಕೇಳಿಕೊಳ್ಳಬೇಕಾಯಿತು. ಕೋವಿಡ್ ಲಸಿಕೆಯೇ ಈ ಸಾವುಗಳಿಗೆ ಕಾರಣವೆಂಬ ಮಾತು ಬಾಯಿಂದ ಬಾಯಿಗೆ ಹಬ್ಬಿತು.

ರಾಜ್ಯ ಸರ್ಕಾರವು ಈ ವಿಷಯದ ಪರಿಶೀಲನೆಯನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಆ ಸಮಿತಿಯು 24 ಸಾವುಗಳ ವಿವರಗಳನ್ನು ಪರೀಕ್ಷಿಸಿ, ಅವುಗಳಲ್ಲಿ 20 ಸಾವುಗಳು ಹೃದಯಕ್ಕೆ ಸಂಬಂಧಿಸಿದವೆಂದು ತಿಳಿಸಿತು. ಹಿಂದಿನ ಅವಧಿಗೆ ಹೋಲಿಸಿದರೆ ಅಸಾಧಾರಣವಾದ ಏರಿಕೆ ಕಂಡುಬಂದಿಲ್ಲವೆಂದೂ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣುವುದಿಲ್ಲವೆಂದೂ ಹೇಳಿತು. ಅದು ಎತ್ತಿ ತೋರಿಸಿದ ಕಾರಣಗಳು ಹೊಸವೇನೂ ಅಲ್ಲ: ಧೂಮಪಾನ, ಮದ್ಯಪಾನ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಬೊಜ್ಜು. ಮೃತರಲ್ಲಿ ಆಟೋ ಮತ್ತು ಕಾರು ಚಾಲಕರು ಗಮನಿಸಬೇಕಾದಷ್ಟು ಸಂಖ್ಯೆಯಲ್ಲಿದ್ದರು.

ಅಸಾಧಾರಣವಾದ ಏರಿಕೆ ಇರಲಿಲ್ಲ ಎಂಬ ಮಾತನ್ನು ಕೇಳಿ ಅನೇಕರು ಸಮಾಧಾನಪಟ್ಟಿರಬಹುದು. ನಿಜವಾಗಿ ನೋಡಿದರೆ ಅದು ಸಮಾಧಾನದ ಮಾತಲ್ಲ. ಇಂತಹ ಸಾವುಗಳು ಮೊದಲಿನಿಂದಲೂ ನಡೆಯುತ್ತಲೇ ಇದ್ದವು, ನಾವು ಗಮನಿಸಿರಲಿಲ್ಲ ಎಂಬುದೇ ಅದರ ಅರ್ಥ. ಹೊರಗಿನಿಂದ ಬಂದ ಶತ್ರುವಾಗಿದ್ದರೆ ಓಡಿಸಬಹುದಾಗಿತ್ತು. ಇಲ್ಲಿ ಶತ್ರುವು ನಮ್ಮ ಊಟದ ಎಲೆಯ ಮೇಲೆ, ನಮ್ಮ ಜೇಬಿನಲ್ಲಿ, ನಮ್ಮ ದಿನಚರಿಯಲ್ಲಿ ಇದ್ದಾನೆ.

ಭಯವು ಒಂದು ವಾರವೋ ಒಂದು ತಿಂಗಳೋ ಇದ್ದು ಹೋಗುತ್ತದೆ. ಹೃದಯದ ರೋಗವಾದರೋ ಬೆಳೆಯುವುದಕ್ಕೆ ಹತ್ತಾರು ವರ್ಷಗಳನ್ನು ತೆಗೆದುಕೊಳ್ಳುತ್ತದೆ. ಹೃದಯಕ್ಕೆ ರಕ್ತವನ್ನು ಒದಗಿಸುವ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಸ್ವಲ್ಪ ಸ್ವಲ್ಪವಾಗಿ ಕೂಡಿ, ದಾರಿಯನ್ನು ಕಿರಿದು ಮಾಡುತ್ತದೆ. ಒಂದು ದಿನ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ ನಾವು ಅದನ್ನು ಹಠಾತ್ತಾದ ಘಟನೆ ಎನ್ನುತ್ತೇವೆ. ಕೊರಿಯಾದ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಯೋಧರ ಹೃದಯಗಳನ್ನು ವೈದ್ಯರು ಪರೀಕ್ಷಿಸಿ, 1953ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಆ ಯೋಧರ ಸರಾಸರಿ ವಯಸ್ಸು 22 ವರ್ಷ. ಆದರೂ ಅವರಲ್ಲಿ ನೂರಕ್ಕೆ 77 ಮಂದಿಯ ರಕ್ತನಾಳಗಳಲ್ಲಿ ರೋಗದ ಗುರುತುಗಳು ಆಗಲೇ ಮೂಡಿದ್ದವು. ಹೊರನೋಟಕ್ಕೆ ಅವರೆಲ್ಲ ದೃಢಕಾಯರೇ. ನಲವತ್ತರಲ್ಲಿ ಕಾಣಿಸಿಕೊಳ್ಳುವ ರೋಗದ ಬೀಜವು ಹದಿನೈದರಲ್ಲಿಯೇ ಬೀಳಬಹುದೆಂದ ಮೇಲೆ, ಅದನ್ನು ತಡೆಯುವ ಅಭ್ಯಾಸವೂ ಹದಿನೈದರಲ್ಲಿಯೇ ಮೊದಲಾಗಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ನಮ್ಮ ಹಿರಿಯರು ಕೇಳಿದ್ದು ಇದಕ್ಕಾಗಿಯೇ.

ಆ ಅಭ್ಯಾಸಗಳಾದರೂ ಕಠಿಣವಾದ ವ್ರತಗಳಲ್ಲ. ಮೊದಲನೆಯದು ತಂಬಾಕನ್ನು ಮುಟ್ಟದಿರುವುದು. ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಎಂಬ ಭೇದ ಇದಕ್ಕಿಲ್ಲ. ಎರಡನೆಯದು ಮಿತವಾದ ಹಾಗೂ ಹಿತವಾದ ಆಹಾರ. ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆಗಳು ಹಾಸನದ ಸೀಮೆಗೆ ಹೊಸವಲ್ಲ. ಅವುಗಳ ಸ್ಥಾನದಲ್ಲಿ ಕರಿದ ತಿಂಡಿಗಳನ್ನೂ ಪೊಟ್ಟಣದ ಕುರುಕಲುಗಳನ್ನೂ ಸಕ್ಕರೆಯ ಪಾನೀಯಗಳನ್ನೂ ತಂದು ಕೂರಿಸಿದವರು ನಾವು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತಲೂ ಕಡಿಮೆ, ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಿಪ್ಸುಗಳಲ್ಲಿ ಇರುವ ಉಪ್ಪೂ ಈ ಲೆಕ್ಕಕ್ಕೆ ಸೇರಬೇಕು. ಮೂರನೆಯದು ದೇಹಶ್ರಮ. ನಿಮ್ಮ ವಯಸ್ಸಿನವರಿಗೆ ದಿನಕ್ಕೆ ಒಂದು ಗಂಟೆಯ ಆಟ ಅಥವಾ ನಡಿಗೆ, ದೊಡ್ಡವರಿಗೆ ವಾರಕ್ಕೆ 150 ನಿಮಿಷಗಳಷ್ಟಾದರೂ ಚುರುಕಾದ ನಡಿಗೆ ಬೇಕು. ನಾಲ್ಕನೆಯದು ಸಾಕಷ್ಟು ನಿದ್ರೆ. ಐದನೆಯದು, ಮೂವತ್ತು ವರ್ಷ ದಾಟಿದವರು ಕಾಲಕಾಲಕ್ಕೆ ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ನೋಡಿಸಿಕೊಳ್ಳುವುದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಅಧಿಕ ರಕ್ತದೊತ್ತಡವು ನೋವು ಕೊಟ್ಟು ತನ್ನ ಬರವನ್ನು ತಿಳಿಸುವುದಿಲ್ಲ. ಅಳೆದು ನೋಡಿದರೆ ಮಾತ್ರ ತಿಳಿಯುತ್ತದೆ.

ಹಿತಮಿತವಾಗಿ ಬದುಕಿದವರೂ ಕೆಲವೊಮ್ಮೆ ಅಕಾಲದಲ್ಲಿ ಸಾಯುವುದುಂಟು. ಎಲ್ಲ ದುರಭ್ಯಾಸಗಳನ್ನೂ ಇಟ್ಟುಕೊಂಡು ತೊಂಬತ್ತು ವರ್ಷ ಬಾಳಿದವರೂ ಉಂಟು. ಹೀಗಿರುವಾಗ ಅಭ್ಯಾಸದಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ವಂಶದಿಂದ ಬರುವ ದೋಷಗಳು ಇವೆ, ನಿಜ. ಒಳ್ಳೆಯ ಅಭ್ಯಾಸವು ಸಾವನ್ನು ಗೆಲ್ಲುವ ಮಂತ್ರವಲ್ಲ. ಅಪಾಯವನ್ನು ತಗ್ಗಿಸುವ ಉಪಾಯ. ಕೊಡೆ ಹಿಡಿದವನೂ ಜೋರು ಮಳೆಯಲ್ಲಿ ಸ್ವಲ್ಪ ನೆನೆಯುತ್ತಾನೆ. ಹಾಗೆಂದು ಕೊಡೆಯನ್ನು ಯಾರೂ ಎಸೆಯುವುದಿಲ್ಲ.

ಇದಕ್ಕಿಂತಲೂ ಹೆಚ್ಚು ಪ್ರಚಾರದಲ್ಲಿರುವ ಇನ್ನೊಂದು ವಾದವಿದೆ: ‘ನನ್ನ ಊಟ, ನನ್ನ ಚಟ, ನನ್ನ ದೇಹ, ಇದರಲ್ಲಿ ಊರಿನವರಿಗೆ ಏನು ಕೆಲಸ?’ ಈ ವಾದಕ್ಕೆ ಉತ್ತರವನ್ನು ನಮ್ಮ ನಾಡಿನ ಒಂದು ಹಳೆಯ ರೋಗದ ಕಥೆಯೇ ಕೊಡುತ್ತದೆ.

ಕರ್ನಾಟಕದ ಉತ್ತರದ ಜಿಲ್ಲೆಗಳಲ್ಲಿ ಹಿಂದೆ ನಾರುಹುಣ್ಣು ಎಂಬ ರೋಗವಿತ್ತು. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಅತಿ ಸಣ್ಣ ಜಲಜೀವಿಗಳ ಮೂಲಕ ಅದರ ಮರಿಹುಳುಗಳು ಕುಡಿದವರ ಹೊಟ್ಟೆ ಸೇರುತ್ತಿದ್ದವು. ಸುಮಾರು ಒಂದು ವರ್ಷದ ಬಳಿಕ ಮೊಳಕ್ಕಿಂತಲೂ ಉದ್ದವಾದ ಹುಳು ಕಾಲಿನ ಚರ್ಮವನ್ನು ಒಡೆದುಕೊಂಡು ಹೊರಬರುತ್ತಿತ್ತು. ಉರಿ ತಾಳಲಾರದೆ ರೋಗಿಯು ಕಾಲನ್ನು ಬಾವಿಯ ನೀರಿಗೆ ಇಳಿಬಿಟ್ಟರೆ, ಆ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಊರಿಗೆ ಊರೇ ಆ ನೀರನ್ನು ಕುಡಿಯುತ್ತಿತ್ತು. ಈ ರೋಗಕ್ಕೆ ಮದ್ದಾಗಲಿ ಲಸಿಕೆಯಾಗಲಿ ಇರಲಿಲ್ಲ. 1980ರ ದಶಕದಲ್ಲಿ ಭಾರತವು ಇದರ ನಿರ್ಮೂಲನಕ್ಕೆ ತೊಡಗಿದಾಗ ಕೈಗೊಂಡ ಕ್ರಮಗಳು ಅತ್ಯಂತ ಸರಳವಾದವು: ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು, ಹುಣ್ಣಿರುವವರು ನೀರಿಗೆ ಇಳಿಯದಂತೆ ನೋಡಿಕೊಳ್ಳುವುದು, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸುವುದು. 1996ರಲ್ಲಿ ದೇಶದ ಕೊನೆಯ ರೋಗಿ ಕಂಡುಬಂದರು. 2000ದಲ್ಲಿ ಭಾರತವು ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಮದ್ದಿಲ್ಲದ ಒಂದು ರೋಗವನ್ನು ಒಂದು ತುಂಡು ಬಟ್ಟೆ ಓಡಿಸಿತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನು ಪುಣ್ಯಕ್ಷೇತ್ರವೆಂದು ಆರಾಧಿಸುವ ಜೈನರಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಬಹು ಪುರಾತನವಾದ ಆಚಾರ. ಸೂಕ್ಷ್ಮಜೀವಿಗಳಿಗೂ ಹಿಂಸೆಯಾಗಬಾರದೆಂಬುದು ಅದರ ಉದ್ದೇಶ. ಉದ್ದೇಶ ಬೇರೆಯಾದರೂ, ಒಂದು ಸಮುದಾಯವು ಒಟ್ಟಾಗಿ ಪಾಲಿಸಿದ ಸಣ್ಣ ಅಭ್ಯಾಸವು ನೂರಾರು ವರ್ಷ ಕೆಡದೆ ಉಳಿಯಬಲ್ಲದೆಂಬುದಕ್ಕೆ ಅದು ಸಾಕ್ಷಿಯಾಗಿದೆ.

ನಾರುಹುಣ್ಣು ಅಂಟುರೋಗ, ಹೃದ್ರೋಗ ಅಂಟುವುದಿಲ್ಲವಲ್ಲ ಎನ್ನಬಹುದು. ರೋಗ ಅಂಟುವುದಿಲ್ಲ, ಅಭ್ಯಾಸ ಅಂಟುತ್ತದೆ. ತಂದೆ ಸೇದಿದ ಬೀಡಿಯ ಹೊಗೆಯನ್ನು ಮಗು ಉಸಿರಾಡುತ್ತದೆ. ಗೆಳೆಯನ ಕೈಯ ಗುಟ್ಕಾ ಪೊಟ್ಟಣ ಗೆಳೆಯನ ಕೈಗೆ ಬರುತ್ತದೆ. ಮನೆಯಲ್ಲಿ ಎಲ್ಲರೂ ಮೊಬೈಲು ಹಿಡಿದು ನಡುರಾತ್ರಿಯವರೆಗೆ ಎಚ್ಚರವಿದ್ದರೆ ಮಕ್ಕಳೂ ಎಚ್ಚರವಿರುತ್ತಾರೆ. ಒಳ್ಳೆಯ ಅಭ್ಯಾಸವೂ ಇದೇ ದಾರಿಯಲ್ಲಿ ಹರಡುತ್ತದೆಂಬುದು ನಮಗೆ ಭರವಸೆ ಕೊಡುವ ಸಂಗತಿ.

ಫಿನ್ಲೆಂಡ್ ದೇಶದ ಉತ್ತರ ಕರೇಲಿಯ ಎಂಬ ಪ್ರಾಂತದಲ್ಲಿ ಇದು ನಡೆದುಹೋಗಿದೆ. ಅದು ಹಾಸನದಂತೆಯೇ ಹೈನುಗಾರಿಕೆಯ ನಾಡು. ಜನರು ಕಾಡಿನಲ್ಲಿಯೂ ಹೊಲದಲ್ಲಿಯೂ ಮೈಮುರಿದು ದುಡಿಯುವವರು. ಆದರೂ ಅಲ್ಲಿನ ಗಂಡಸರು ನಡುವಯಸ್ಸಿನಲ್ಲಿಯೇ ಹೃದಯಾಘಾತದಿಂದ ಸಾಯುತ್ತಿದ್ದರು. ಧಾರಾಳವಾದ ಬೆಣ್ಣೆ, ಹೆಚ್ಚಾದ ಉಪ್ಪು, ಧೂಮಪಾನ ಇವು ಮುಖ್ಯ ಕಾರಣಗಳಾಗಿದ್ದವು. 1971ರಲ್ಲಿ ಆ ಪ್ರಾಂತದ ಪ್ರತಿನಿಧಿಗಳು ಸಹಾಯ ಬೇಡಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ತರುಣ ವೈದ್ಯರ ಮುಂದಾಳುತನದಲ್ಲಿ ಕೆಲಸ ಪ್ರಾರಂಭವಾಯಿತು. ಅವರು ರೋಗಿಗಳಿಗಾಗಿ ಕಾದು ಕೂರಲಿಲ್ಲ. ಗೃಹಿಣಿಯರ ಸಂಘಗಳು ಹೊಸ ಅಡುಗೆಯನ್ನು ಕಲಿಸಿದವು. ಹಳ್ಳಿಗಳ ನಡುವೆ ಸ್ಪರ್ಧೆಗಳು ನಡೆದವು. ಶಾಲೆಗಳೂ ಅಂಗಡಿಗಳೂ ಆಹಾರ ತಯಾರಕರೂ ಕೈಜೋಡಿಸಿದರು. ಸುಮಾರು ನಲವತ್ತು ವರ್ಷಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವುಗಳು ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಇಳಿದವು.

ಹಾಸನ ಜಿಲ್ಲೆಯೂ ಈ ದಾರಿಯನ್ನು ಹಿಡಿಯಬಹುದು. ಆದರೆ ಅಭ್ಯಾಸದ ಹೊಣೆಯನ್ನು ಒಬ್ಬೊಬ್ಬ ವ್ಯಕ್ತಿಯ ತಲೆಯ ಮೇಲೆಯೇ ಹೊರಿಸಿ ಸಮಾಜವು ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿರುವ ಚನ್ನರಾಯಪಟ್ಟಣದ ಚಾಲಕನು ಹೊತ್ತು ಮೂಡುವ ಮೊದಲೇ ಸ್ಟಿಯರಿಂಗ್ ಹಿಡಿಯುತ್ತಾನೆ. ಹೊತ್ತಿಗೆ ಸರಿಯಾದ ಊಟವೂ ವಿಶ್ರಾಂತಿಯೂ ಸಿಗದಿದ್ದರೆ ಉಪದೇಶದಿಂದ ಅವನಿಗೆ ಏನು ಲಾಭ? ಆಟೋ ನಿಲ್ದಾಣದ ಬಳಿಯಲ್ಲಿಯೇ ತಿಂಗಳಿಗೊಮ್ಮೆ ರಕ್ತದೊತ್ತಡದ ತಪಾಸಣೆ ನಡೆದರೆ ಅವನ ದುಡಿಮೆಯೂ ಕೆಡುವುದಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಅನೇಕ ರೈತರ ಜೀವನಾಧಾರ. ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆಯೇ ಇದೆ. ಒದ್ದೆಯಾದ ಎಲೆಗಳನ್ನು ಬರಿಗೈಯಲ್ಲಿ ಕೀಳುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ತಲೆಸುತ್ತು, ವಾಕರಿಕೆಗಳನ್ನು ತರುತ್ತದೆ. ಆ ರೈತನನ್ನು ಹಳಿಯುವುದರಿಂದ ಫಲವಿಲ್ಲ. ಬದುಕು ನಡೆಸಬಲ್ಲ ಬೇರೆ ಬೆಳೆಗೆ ಅವನು ದಾಟಲು ಬೇಕಾದ ನೆರವನ್ನು ಕೊಡಬೇಕು. ಹೇಮಾವತಿಯ ದಡದ ಹೊಳೆನರಸೀಪುರದಲ್ಲಾಗಲಿ, ದಿನೇ ದಿನೇ ಬೆಳೆಯುತ್ತಿರುವ ಹಾಸನದಲ್ಲಾಗಲಿ, ವೃದ್ಧರೂ ಹೆಂಗಸರೂ ಅಂಜದೆ ನಡೆಯುವಂತಹ ಕಾಲುದಾರಿ, ಮಕ್ಕಳಿಗೆ ಆಟದ ಬಯಲು ಇಲ್ಲದಿದ್ದರೆ ವ್ಯಾಯಾಮದ ಮಾತು ಪುಸ್ತಕದ ಮಾತಾಗಿಯೇ ಉಳಿಯುತ್ತದೆ. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕನ್ನು ಮಾರಬಾರದೆಂಬ ಕಾನೂನು 2025ರಲ್ಲಿ ಜಾರಿಗೆ ಬಂದಿದೆ. ಕಾನೂನು ಅಂಗಡಿಯ ಬಾಗಿಲಿನವರೆಗೆ ಬರಬಲ್ಲದು. ಬೇಡವೆಂದು ಹೇಳುವ ಬಾಯಿ ನಿಮ್ಮದೇ ಆಗಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಇನ್ನೊಂದು ಉಪಕಾರವಿದೆ. ಎದೆಯ ನಡುವೆ ಬಿಗಿತ, ತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡಾಗ ಮನೆಯವರು ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವುದು ನಮ್ಮಲ್ಲಿ ಸಾಮಾನ್ಯ. ಆಗ ಕಳೆಯುವ ಪ್ರತಿಯೊಂದು ನಿಮಿಷಕ್ಕೂ ಬೆಲೆಯಿದೆ. ಹಲವು ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ, ಅಕಾಲದಲ್ಲಿ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿಯಲ್ಲಿ ಇ.ಸಿ.ಜಿ. ಪರೀಕ್ಷೆಯೂ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದೂ ಉಚಿತವಾಗಿ ದೊರೆಯುತ್ತವೆ. 108ಕ್ಕೆ ಕರೆ ಮಾಡುವುದನ್ನು ಮನೆಯ ಎಲ್ಲರಿಗೂ ಕಲಿಸಿರಿ. ಪ್ರಜ್ಞೆ ತಪ್ಪಿ ಉಸಿರು ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಿ ಜೀವ ಉಳಿಸುವ ಪ್ರಥಮ ಚಿಕಿತ್ಸೆಯನ್ನು ಬಲ್ಲವರಿಂದ ಕಲಿತುಕೊಳ್ಳಿರಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನನ್ನು ಗಾದೆಯು ಗೇಲಿ ಮಾಡುತ್ತದೆ. 2025ರ ಬೇಸಿಗೆಯ ಕೊನೆಯಲ್ಲಿ ನಾವು ಮಾಡಿದ್ದು ಹೆಚ್ಚು ಕಡಿಮೆ ಅದನ್ನೇ. ಆಸ್ಪತ್ರೆಯ ಮುಂದಿನ ಸಾಲು ಕರಗಿತು, ಭಯವೂ ಕರಗಿತು. ಆ ಭಯ ಉಳಿಸಿಹೋದ ತಿಳಿವಳಿಕೆಯಾದರೂ ನಮ್ಮಲ್ಲಿ ನೆಲೆಸಬೇಕು. ಇಂದು ಸಂಜೆ ಒಂದು ಗಂಟೆ ಆಡುವುದು, ರಾತ್ರಿ ಹೊತ್ತಿಗೆ ಮಲಗುವುದು, ಮನೆಯ ಹಿರಿಯರನ್ನು ರಕ್ತದೊತ್ತಡದ ತಪಾಸಣೆಗೆ ಒಪ್ಪಿಸುವುದು, ಇವು ಯಾವುವೂ ಸುದ್ದಿಯಾಗುವ ಕೆಲಸಗಳಲ್ಲ. ಆದರೆ ಇವನ್ನು ಸಾವಿರ ಮನೆಗಳು ಸಾವಿರ ದಿನ ಮಾಡಿದರೆ, ಆ ಊರಿನಿಂದ ಬರಬೇಕಾಗಿದ್ದ ಹಲವು ದುಃಖದ ಸುದ್ದಿಗಳು ಬಾರದೆಯೇ ಉಳಿಯುತ್ತವೆ.