ಜ್ವರಕ್ಕೆ ಇದು ಎಷ್ಟನೆಯ ದಿನ?

ಒಂದೇ ಮನೆಯ ಇಬ್ಬರು ಮಕ್ಕಳಿಗೆ ಜ್ವರ, ಮೈಕೈ ನೋವು. ವೈದ್ಯರಿಗೆ ಡೆಂಗಿಯ ಅನುಮಾನ. ಅಣ್ಣನ ರಕ್ತಪರೀಕ್ಷೆಯ ವರದಿ 'ಪಾಸಿಟಿವ್', ತಂಗಿಯದು 'ನೆಗೆಟಿವ್'. ಲ್ಯಾಬಿನವರು ಎಡವಿದರೆಂದು ಅವಸರದಲ್ಲಿ ತೀರ್ಮಾನಿಸಬೇಕಾಗಿಲ್ಲ. ಅಣ್ಣನ ರಕ್ತ ತೆಗೆದದ್ದು ಜ್ವರದ ಎರಡನೆಯ ದಿನ. ತಂಗಿಯದು ಏಳನೆಯ ದಿನ. ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ, ಎನ್ಎಸ್1.

ಏನಿದು ಎನ್ಎಸ್1? ಡೆಂಗಿ ವೈರಸ್ ನಮ್ಮ ಜೀವಕೋಶಗಳೊಳಗೆ ಹೆಚ್ಚುವಾಗ ರಕ್ತಕ್ಕೆ ಬಿಡುವ ಒಂದು ಪ್ರೋಟೀನು. ಜ್ವರ ಬಂದ ಮೊದಲ ದಿನದಿಂದಲೇ ಇದು ಸಿಗಬಹುದು. ಐದು ದಿನ ಕಳೆದ ಮೇಲೆ ಸಿಗುವ ಸಂಭವ ಇಳಿಯುತ್ತಾ ಹೋಗುತ್ತದೆ. ಏಳನೆಯ ದಿನ ಅದನ್ನು ಹುಡುಕುವುದೆಂದರೆ ತೇರು ಎಳೆದಾದ ಮೇಲೆ ಜಾತ್ರೆಗೆ ಹೋದಂತೆ!

ಆ ಹೊತ್ತಿಗೆ ದೇಹ ತನ್ನ ಪ್ರತಿಕಾಯಗಳನ್ನು ತಯಾರಿಸಿರುತ್ತದೆ. ಮೊದಲು ಬರುವುದು ಐಜಿಎಂ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಂತೆ, ಐದನೆಯ ದಿನದ ವೇಳೆಗೆ ಶೇ 80ರಷ್ಟು ರೋಗಿಗಳಲ್ಲಿ, ಹತ್ತನೆಯ ದಿನಕ್ಕೆ ಶೇ 99ರಷ್ಟು ಮಂದಿಯಲ್ಲಿ ಇದು ಪತ್ತೆಯಾಗುತ್ತದೆ. ಎರಡನೆಯ ದಿನವೇ ಐಜಿಎಂ ಹುಡುಕಿದರೆ ಸಿಗದಿರುವುದೇ ಹೆಚ್ಚು. ನಮ್ಮ ದೇಶದ ಸರ್ಕಾರಿ ವ್ಯವಸ್ಥೆಯಲ್ಲಿ ಮೊದಲ ಐದು ದಿನ ಎನ್ಎಸ್1, ಆಮೇಲೆ ಐಜಿಎಂ ಎಂಬ ಪದ್ಧತಿ ಇರುವುದು ಇದೇ ಕಾರಣಕ್ಕೆ. ಎರಡನ್ನೂ ಎಲೀಸಾ ವಿಧಾನದಲ್ಲಿ ಮಾಡುತ್ತಾರೆ.

ಇಷ್ಟಕ್ಕೇ ಮುಗಿಯಲಿಲ್ಲ. ಐಜಿಎಂ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯಬಹುದು. ಜುಲೈನಲ್ಲಿ ಬಂದು ಹೋದ ಡೆಂಗಿಯ ಗುರುತು ಸೆಪ್ಟೆಂಬರಿನ ಬೇರೆ ಯಾವುದೋ ಜ್ವರದಲ್ಲಿ 'ಪಾಸಿಟಿವ್' ಎಂದು ಕಾಣಿಸಿಕೊಂಡೀತು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಆದ್ದರಿಂದ ಒಮ್ಮೆ ಬಂದವರಿಗೆ ಮತ್ತೊಂದು ಬಗೆಯದು ಬರಬಹುದು. ಎರಡನೆಯ ಸಲ ಹಳೆಯ ನೆನಪಿನ ಪ್ರತಿಕಾಯಗಳು ಬೇಗನೆ ಏರಿ ಎನ್ಎಸ್1 ಅನ್ನು ಹಿಡಿದು ಮರೆಮಾಡುತ್ತವೆ, ಐಜಿಎಂ ಕೂಡ ಕಡಿಮೆ ಇರುತ್ತದೆ. ಕಾಯಿಲೆ ತೀವ್ರವಾಗುವ ಸಂಭವ ಎರಡನೆಯ ಸಲವೇ ಹೆಚ್ಚು. ಪರೀಕ್ಷೆಗೆ ತಪ್ಪಿಸಿಕೊಳ್ಳುವುದೂ ಆಗಲೇ ಸುಲಭ ಎಂಬುದು ವಿಪರ್ಯಾಸ.

ತಂದೆತಾಯಿಯರು ಮೋಸಹೋಗುವ ಘಟ್ಟವೊಂದಿದೆ. ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ. ಕೈಯಲ್ಲಿ 'ನೆಗೆಟಿವ್' ಚೀಟಿಯೂ ಇದ್ದರೆ ಮಗುವಿನ ಹೆಗಲಿಗೆ ಮರುದಿನವೇ ಶಾಲೆಯ ಚೀಲ ಏರುತ್ತದೆ. ಆದರೆ ರಕ್ತದ ದ್ರವಭಾಗ ಸೂಕ್ಷ್ಮ ನಾಳಗಳಿಂದ ಸೋರುವ ಅಪಾಯ ಇರುವುದು ಸರಿಯಾಗಿ ಆಗಲೇ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಮಂಕು ಅಥವಾ ಚಡಪಡಿಕೆ ಕಂಡರೆ ವರದಿ ಏನೇ ಹೇಳಲಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು, ರಕ್ತಸ್ರಾವ ಹೆಚ್ಚಿಸುತ್ತವೆ.

ಪರೀಕ್ಷೆಗೆ ರಕ್ತ ಕೊಡುವಾಗ ಜ್ವರ ಶುರುವಾದ ತಾರೀಖನ್ನು ಚೀಟಿಯಲ್ಲಿ ಬರೆಸಿರಿ. ಹೆಸರು, ವಯಸ್ಸು ಬರೆಯುವಷ್ಟೇ ಇದೂ ಮುಖ್ಯ. ಮರೆತಿದ್ದರೆ, ಶಾಲೆಗೆ ಕಳಿಸಿದ ರಜಾ ಅರ್ಜಿಯಲ್ಲಿ ಆ ತಾರೀಖು ಸಾಮಾನ್ಯವಾಗಿ ಇದ್ದೇ ಇರುತ್ತದೆ.