ಮುಚ್ಚಳದ ಕೆಳಗೆ ಮೂರು ಕ್ವಿಂಟಲ್

ಕಳೆದ ತಿಂಗಳು ಊರಿಂದ ಫೋನ್ ಬಂತು. ಕುಕ್ಕರ್ ತೆಗೆಯುವಾಗ ಅವ್ವನ ಕೈ ಸುಟ್ಟಿತ್ತು. ಮುಂಗೈಯೆಲ್ಲ ಕೆಂಪು, ಅಲ್ಲಲ್ಲಿ ಬೊಬ್ಬೆ. ನಾನಿರೋದು ಬೆಂಗಳೂರಲ್ಲಿ, ಅವ್ವ ಬೀದರ್ ಜಿಲ್ಲೆಯ ಹುಡಗಿಯಲ್ಲಿ. ಹುಡುಗಿ ಅಲ್ಲ, ಹುಡಗಿ! ಹುಮನಾಬಾದ್ ಹತ್ತಿರದ ಊರು. ಹೆಸರು ಕೇಳಿ ಆಫೀಸಲ್ಲಿ ಎಲ್ಲರೂ ಒಂದೊಂದು ಸಲ ನಕ್ಕಾಗಿದೆ.

"ಸೀಟಿ ಎತ್ತಿ ನೋಡ್ದೆ, ಸುಂಯ್ ಅನ್ಲಿಲ್ಲ. ಗಾಳಿ ಹೋಗ್ಯಾದ ಅಂತ ಮುಚ್ಚಳ ತಿರುವ್ದೆ" ಅಂದಳು ಅವ್ವ. ಆಮೇಲೆ ಒಂದು ಪ್ರಶ್ನೆ ಹಾಕಿದಳು: "ನೀ ಇಂಜಿನಿಯರಿಂಗ್ ಓದೀದಿ. ಖಾಲಿ ಉಗಿ ಇಷ್ಟು ಹ್ಯಾಂಗ ಸುಡ್ತದ, ಹೇಳು?"

ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆಲ್ಲ ನೆನಪಿತ್ತು. ಆದರೆ ಅವ್ವನಿಗೆ ಅರ್ಥ ಆಗೋ ಹಾಗೆ ಹೇಳಲು ಬರಲಿಲ್ಲ. ರಾತ್ರಿ ಪೆನ್ನು, ಹಾಳೆ ಹಿಡಿದು ಕೂತೆ.

ಮೊದಲು ಬರೀ ಪಾತ್ರೆಯಿಂದ ಶುರು ಮಾಡೋಣ. ನೀರು 100 ಡಿಗ್ರಿಗೆ ಕುದಿಯುತ್ತೆ ಅಂತ ಓದಿದ್ದೇವೆ. ಅದು ಸಮುದ್ರಮಟ್ಟದಲ್ಲಿ, ಅಂದರೆ ಮಂಗಳೂರಿನಂಥ ಕಡೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಬೇಗ ಕುದಿಯುತ್ತೆ. ನಮ್ಮೂರು 600 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಸುಮಾರು 98 ಡಿಗ್ರಿಗೇ ಕುದಿ ಬರುತ್ತೆ. 900 ಮೀಟರ್ ಎತ್ತರದ ಬೆಂಗಳೂರಲ್ಲಿ 97. ಒಮ್ಮೆ ಕುದಿ ಬಂದ ಮೇಲೆ ಉರಿ ಎಷ್ಟು ದೊಡ್ಡದು ಮಾಡಿದರೂ ಆ ಡಿಗ್ರಿ ಏರೋದಿಲ್ಲ. ಕೊಟ್ಟ ಶಾಖವೆಲ್ಲ ನೀರನ್ನು ಉಗಿ ಮಾಡೋದಕ್ಕೆ ಹೋಗುತ್ತೆ. ಶಾಖ ಬೇರೆ, ತಾಪಮಾನ ಬೇರೆ ಅನ್ನೋದು ಇದೇ. ಬರೀ ಪಾತ್ರೆಯಲ್ಲಿ ತೊಗರಿ ಬ್ಯಾಳಿ ಬೇಯಲು ಅಷ್ಟು ಹೊತ್ತು ಹಿಡಿಯೋದೂ ಅದಕ್ಕೇ.

ಕುಕ್ಕರ್ ಮಾಡೋದು ಒಂದೇ ಕೆಲಸ, ಉಗಿಯನ್ನು ಹೊರಗೆ ಬಿಡದೆ ಒತ್ತಡ ಏರಿಸೋದು. ಮುಚ್ಚಳದಲ್ಲಿರುವ ಸಣ್ಣ ತೂತಿನ ಮೇಲೆ ಸೀಟಿಯ ತೂಕ ಕೂತಿರುತ್ತೆ. ತೂತು 3 ಮಿಲಿಮೀಟರ್ ಅಗಲ ಇದ್ದರೆ 70 ಗ್ರಾಂ ತೂಕ ಸಾಕು, ಒಳಗೆ ಪ್ರತಿ ಚದರ ಸೆಂಟಿಮೀಟರಿಗೆ 1 ಕೆಜಿ ಹೆಚ್ಚುವರಿ ಒತ್ತಡ ನಿಲ್ಲುತ್ತೆ. ಆಗ ನೀರು ಕುದಿಯಲು 120 ಡಿಗ್ರಿ ಹತ್ತಿರ ಬೇಕು. ಒತ್ತಡ ಅದನ್ನು ಮೀರಿದರೆ ತೂಕ ಮೇಲೇಳುತ್ತೆ, ಅದೇ ಸೀಟಿ. 1679ರಲ್ಲಿ ಡೆನಿಸ್ ಪಾಪೆನ್ ಲಂಡನ್ನಿನಲ್ಲಿ ಇಂಥ ಪಾತ್ರೆ ತೋರಿಸಿದ. ತೂಕ ಇಟ್ಟು ಒತ್ತಡಕ್ಕೆ ಮಿತಿ ಹಾಕುವ ಉಪಾಯವೂ ಅವನದೇ.

ಅಂದರೆ ಸೀಟಿ ಹೆಚ್ಚು ಹೊಡೆದಷ್ಟೂ ಬೇಗ ಬೇಯುತ್ತೆ ಅನ್ನೋದು ತಪ್ಪು. ಮೊದಲ ಸೀಟಿ ಆದ ಮೇಲೆ ಉರಿ ಸಣ್ಣ ಮಾಡಿದರೂ ಒಳಗೆ ಅದೇ 120. ಮತ್ತೆ ಮತ್ತೆ ಸೀಟಿ ಹೊಡೆದರೆ ಗ್ಯಾಸೂ ಹಾಳು, ನೀರೂ ಹಾಳು.

ಈಗ ಮುಚ್ಚಳಕ್ಕೆ ಬರೋಣ. 20 ಸೆಂಟಿಮೀಟರ್ ಅಗಲದ ಮುಚ್ಚಳ ಅಂದರೆ 314 ಚದರ ಸೆಂಟಿಮೀಟರ್. ಪ್ರತಿಯೊಂದಕ್ಕೂ 1 ಕೆಜಿ. ಒಟ್ಟು 314 ಕೆಜಿ, ಅಂದರೆ ಮೂರು ಕ್ವಿಂಟಲ್ ತೊಗರಿಯ ಭಾರ ಕೆಳಗಿನಿಂದ ಮೇಲಕ್ಕೆ ದಬ್ಬುತ್ತಿರುತ್ತೆ. ಒತ್ತಡ ಹತ್ತನೇ ಒಂದು ಭಾಗಕ್ಕೆ ಇಳಿದಿದ್ದರೂ 30 ಕೆಜಿ ಉಳಿದಿರುತ್ತೆ.

ಮುಚ್ಚಳ ಸಿಡಿಯೋದಷ್ಟೇ ಅಪಾಯ ಅಲ್ಲ. ಒಳಗಿನ ನೀರು 120 ಡಿಗ್ರಿಯಲ್ಲಿದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಬಿದ್ದುಹೋಗುತ್ತೆ, ನೀರು 98ಕ್ಕೆ ಇಳಿಯಲೇಬೇಕು. ಆ ಹೆಚ್ಚುವರಿ ಶಾಖಕ್ಕೆ ಒಂದು ಲೀಟರ್ ನೀರಿನಲ್ಲಿ ಸುಮಾರು 40 ಗ್ರಾಂ ಒಮ್ಮೆಲೇ ಉಗಿಯಾಗುತ್ತೆ. 40 ಗ್ರಾಂ ನೀರು ಒಂದು ಸಣ್ಣ ಚಹಾ ಕಪ್ಪಿನಷ್ಟು. ಆದರೆ ಉಗಿಯಾದರೆ 60 ಲೀಟರಿಗೂ ಹೆಚ್ಚು! ಅದು ಬ್ಯಾಳಿಯನ್ನೂ ಎಳೆದುಕೊಂಡು ಮೈಮೇಲೆ ಬರುತ್ತೆ.

ಅವ್ವನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಕುದಿಯುವ ನೀರು ಒಂದು ಗ್ರಾಂ ಚರ್ಮದ ಮೇಲೆ ಬಿದ್ದು ಮೈಯ ಬಿಸಿಗೆ ಇಳಿಯುವಾಗ ಕೊಡೋದು ಸುಮಾರು 265 ಜೂಲ್ ಶಾಖ. ಒಂದು ಗ್ರಾಂ ಉಗಿ ಚರ್ಮ ತಾಕಿ ನೀರಾಗುವಾಗಲೇ 2,260 ಜೂಲ್ ಬಿಟ್ಟುಕೊಡುತ್ತೆ. ಆಮೇಲೆ ಆ ನೀರು ಬೇರೆ ಸುಡುತ್ತೆ. ಒಲೆ ಸುರಿದ ಶಾಖವನ್ನೆಲ್ಲ ಉಗಿ ಬಚ್ಚಿಟ್ಟುಕೊಂಡಿರುತ್ತೆ.

ಹಾಗಿದ್ದರೆ ಸೀಟಿ ಎತ್ತಿದಾಗ ಸುಂಯ್ ಅನ್ನಲಿಲ್ಲ ಯಾಕೆ? ತೂತಿಗೆ ಬ್ಯಾಳಿಯ ಸಿಪ್ಪೆ ಕೂತಿತ್ತು. ತಮ್ಮ ಆಮೇಲೆ ನೋಡಿ ಹೇಳಿದ. ಸದ್ದಿಲ್ಲ ಅಂದರೆ ಒತ್ತಡ ಇಲ್ಲ ಅಂತಲ್ಲ, ದಾರಿಯೇ ಮುಚ್ಚಿರಬಹುದು.

ಅವ್ವನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದು ಇಷ್ಟು: ಮುಚ್ಚುವ ಮುಂಚೆ ತೂತನ್ನು ಬೆಳಕಿಗೆ ಹಿಡಿದು ನೋಡು, ಆಚೆ ಕಾಣಬೇಕು. ಬ್ಯಾಳಿ ನೊರೆ ಬರುತ್ತೆ, ನೀರೂ ಸೇರಿ ಅರ್ಧ ಕುಕ್ಕರಿಗಿಂತ ಹೆಚ್ಚು ತುಂಬಬೇಡ. ಒಲೆ ಆರಿಸಿ ಹದಿನೈದು ನಿಮಿಷ ಬಿಡು. ಗಾಳಿ ಹೊರಗೆ ಹೋಗೋದು ಬೇಕಿಲ್ಲ, ತಣ್ಣಗಾದರೆ ಉಗಿ ಒಳಗೇ ನೀರಾಗಿ ಒತ್ತಡ ಇಳಿಯುತ್ತೆ. ಮುಚ್ಚಳ ಬಿಗಿ ಅನಿಸಿದರೆ ಜೋರು ಮಾಡಬೇಡ, ಇನ್ನೂ ಕಾಯಿ. ಸೇಫ್ಟಿ ವಾಲ್ವ್ ಹೋದರೆ ಅದೇ ಕಂಪನಿಯದ್ದು ಹಾಕಿಸು. ಕೈ ಸುಟ್ಟರೆ ಬಳೆ, ಉಂಗುರ ತೆಗೆದು ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿ. ಟೂತ್‌ಪೇಸ್ಟ್ ಬೇಡ, ಐಸ್ ಬೇಡ. ಬೊಬ್ಬೆ ಬಂದರೆ ಡಾಕ್ಟರಿಗೆ ತೋರಿಸು.

ಕೊನೆಯದನ್ನು ಬರೆದದ್ದಕ್ಕೆ ಕಾರಣ ಇದೆ. ಅವತ್ತು ಅವ್ವ ಟೂತ್‌ಪೇಸ್ಟೇ ಹಚ್ಚಿಕೊಂಡಿದ್ದಳು.

ಮೂರು ಕ್ವಿಂಟಲ್ ಅನ್ನೋ ಮಾತು ಅವ್ವನಿಗೆ ಸರಿಯಾಗಿ ತಟ್ಟಿತು. ಈಗ ಒಲೆ ಆರಿಸಿ ಕಸಬರಿಗೆ ಹಿಡಿದು ಅಂಗಳಕ್ಕೆ ಹೋಗ್ತಾಳಂತೆ, ಗುಡಿಸಿ ಬರುವಷ್ಟರಲ್ಲಿ ಮುಚ್ಚಳ ತಾನೇ ಸಡಿಲ. ಆದರೆ ಮೆಸೇಜ್ ಓದಿ ಫೋನ್ ಮಾಡಿದಾಗ ಕೇಳಿದ್ದು ಬೇರೆಯೇ: "ಇದೆಲ್ಲ ನಿಂಗ ಮೊದಲೇ ಗೊತ್ತಿತ್ತಂದ್ರ ಮೊದಲೇ ಹೇಳಬೇಕಿತ್ತಲ್ಲ?"

ಹೌದು, ಹೇಳಬೇಕಿತ್ತು. ಪಿಯುಸಿ ಮುಗಿದು ಹನ್ನೆರಡು ವರ್ಷ ಆಯ್ತು. ನೀವೂ ಊರು ಬಿಟ್ಟು ಬಂದವರಾಗಿದ್ದರೆ ಇವತ್ತು ಸಂಜೆ ಮನೆಗೊಂದು ಫೋನ್ ಮಾಡಿ. "ಊಟ ಆಯ್ತಾ" ಅಂತ ಕೇಳಿದ ಮೇಲೆ ಕುಕ್ಕರಿನ ಗ್ಯಾಸ್ಕೆಟ್, ವಾಲ್ವ್ ಎಷ್ಟು ವರ್ಷದ್ದು ಅಂತಲೂ ಕೇಳಿ.