ಕಾರಿಗೆ ಕವರ್ ಕೊಳ್ಳುವಾಗ ನೀವೂ ಜೊತೆಗೆ ಹೋಗಿ

ನಿಮ್ಮ ಮನೆ ಮುಂದೆಯೂ ಒಂದು ಕಾರು ನಿಂತಿರಬಹುದು. ವಾರದ ಐದು ದಿನ ಯಜಮಾನರು ಮೆಟ್ರೊದಲ್ಲೋ ಕಂಪನಿ ಬಸ್ಸಿನಲ್ಲೋ ಓಡಾಡುತ್ತಾರೆ. ಕಾರು ಮಾತ್ರ ಬೆಳ್ಳಿ ಬಣ್ಣದ ಮುಸುಕು ಹೊದ್ದು ಮಲಗಿರುತ್ತದೆ, ಭಾನುವಾರವೇ ಅದಕ್ಕೆ ಸುಪ್ರಭಾತ. ನಿಮ್ಮ ಪರ್ಸಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಇದೆ. ಆದರೂ ಜ್ವರ ಬಂದ ಮಗುವನ್ನು ಎತ್ತಿಕೊಂಡು ಬೀದಿ ತುದಿಯಲ್ಲಿ ಆಟೋಗೆ ಕೈ ಅಡ್ಡ ಹಿಡಿಯುತ್ತೀರಿ. ಕೇಳಿದರೆ, 'ಅಯ್ಯೋ, ಆ ಕವರ್ ಯಾರು ತೆಗೀತಾರೆ?'

ನಗಬೇಡಿ. ಎರಡು ವರ್ಷ ನಾನೂ ಹೀಗೇ ಮಾಡಿದವಳು.

ನಮ್ಮ ಮನೆ ಮೂವತ್ತು-ನಲವತ್ತರ ಸೈಟಿನದು. ಪೋರ್ಟಿಕೊದಲ್ಲಿ ಎರಡು ಸ್ಕೂಟರ್, ಗಿಡದ ಕುಂಡಗಳು. ಹಾಗಾಗಿ ಕಾರಿಗೆ ರಸ್ತೆಯ ಹೊಂಗೆ ಮರವೇ ಗತಿ. ಕಾರು ಬಂದ ವಾರವೇ ನಮ್ಮವರು ಅಂಗಡಿಯ ಅತಿ ದಪ್ಪ ಕವರನ್ನೇ ಹೊತ್ತು ತಂದರು. 'ಒಂದು ಹನಿ ನೀರೂ ಒಳಗೆ ಹೋಗಲ್ಲ' ಅಂತ ಅಂಗಡಿಯವನ ಭರವಸೆ. ಮಾತೇನೋ ನಿಜವೇ. ಆದರೆ ಮಳೆಯಲ್ಲಿ ನೆಂದಾಗ ಅದು ನೀರಲ್ಲಿ ಅದ್ದಿದ ಜಮಖಾನದಷ್ಟು ಭಾರ! ನಾನು ಐದಡಿ ಎತ್ತರದವಳು. ಎಳೆದರೆ ಒಂದು ಕಡೆ ಬೀಳುತ್ತಿತ್ತು, ಇನ್ನೊಂದು ಕಡೆ ಕೆಸರಲ್ಲಿ ಹೊರಳುತ್ತಿತ್ತು. ಆ ಕೆಸರೇ ಮರುದಿನ ಕವರಿನ ಒಳಮೈಗೆ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಬಾನೆಟ್ ಮೇಲೆ ಬಿಳಿ ಬಿಳಿ ಕಲೆ, ಸ್ಟೇರಿಂಗ್ ಮೇಲೆ ಬೂಸಲು. ಕಾರಿನ ಬಾಗಿಲು ತೆಗೆದರೆ ಒಣಗದ ಬಟ್ಟೆಯ ವಾಸನೆ. ಕಾರು ಕಾಪಾಡಲು ತಂದ ಕವರ್ ಕಾರನ್ನೂ ಕೆಡಿಸಿತು, ನನ್ನ ಡ್ರೈವಿಂಗನ್ನೂ ಮರೆಸಿತು.

ಅದಕ್ಕೇ ನಾನು ಹೇಳೋದು, ಕವರ್ ಆರಿಸುವಾಗ ಮೊದಲು ಕೇಳಬೇಕಾದ್ದು 'ಯಾವ ಬಟ್ಟೆ?' ಅಂತ ಅಲ್ಲ. ಮನೆಯಲ್ಲಿರೋ ಹೆಂಗಸು ಒಬ್ಬಳೇ, ಯಾರ ಸಹಾಯವೂ ಇಲ್ಲದೆ, ಎರಡೇ ನಿಮಿಷದಲ್ಲಿ ಇದನ್ನು ತೆಗೆದು ಮಡಚಿ ಇಡಬಲ್ಲಳೇ? ಇಲ್ಲ ಅಂದರೆ ಅದು ಎಷ್ಟೇ ಬೆಲೆಯದಾದರೂ ನಿಮಗೆ ಬೇಡ. ಬೆಲೆ ಅಂದೆನಲ್ಲ, ಸಾವಿರ ರೂಪಾಯಿ ಒಳಗೂ ಸಿಗುತ್ತೆ, ನಾಲ್ಕು ಸಾವಿರದ್ದೂ ಇದೆ.

ಇನ್ನು ಬಟ್ಟೆಯ ವಿಷಯ. ನಮ್ಮವರೂ ಸೇರಿದಂತೆ ಹೆಚ್ಚಿನವರು ಎಡವುವುದು 'ವಾಟರ್‌ಪ್ರೂಫ್' ಅನ್ನೋ ಪದದಲ್ಲಿ. ಬಿಸಿ ಚಪಾತಿ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಳ ಹಾಕಿದರೆ ಏನಾಗುತ್ತೆ ನಿಮಗೆ ಗೊತ್ತು. ಮುಚ್ಚಳದ ಒಳಗೆ ಬೆವರಿಳಿದು, ತಳದ ಚಪಾತಿ ಹಿಟ್ಟಾಗಿರುತ್ತೆ. ಪ್ಲಾಸ್ಟಿಕ್ಕಿನಂಥ ಕವರಿನೊಳಗೂ ಅದೇ ಕಥೆ. ಮೇಲಿನಿಂದ ನೀರು ಬರದೇ ಇರಬಹುದು, ಒದ್ದೆ ನೆಲದಿಂದ ಏಳುವ ಆವಿಗೆ ಅಡ್ಡಿ ಯಾರು? ಅದು ಕವರಿನ ಕೆಳಗಿಂದ ನುಗ್ಗಿ, ರಾತ್ರಿ ತಂಪಿಗೆ ಒಳಮೈಯಲ್ಲೇ ಹನಿಯಾಗಿ ಕಾರಿಗೆ ಅಂಟುತ್ತದೆ. ಹೊರಗೆ ಹೋಗಲು ದಾರಿ ಇಲ್ಲ. ಹಾಗಾಗಿ ನಮಗೆ ಬೇಕಾದ್ದು ನೀರನ್ನು ಜಾರಿಸುವ, ಆದರೆ ಉಸಿರಾಡುವ ಬಟ್ಟೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ, ಸಂಕೋಚ ಬೇಡ. ಸೀರೆ ಕೊಳ್ಳುವಾಗ ಸೆರಗು, ಅಂಚು ಎಲ್ಲಾ ಎಳೆದು ನೋಡೋ ನಾವು ಇಲ್ಲಿ ಯಾಕೆ ಸುಮ್ಮನಿರಬೇಕು? ಬಟ್ಟೆಯನ್ನು ಬಾಯಿಗೆ ಹಿಡಿದು ಜೋರಾಗಿ ಊದಿ, ಸ್ವಲ್ಪವಾದರೂ ಉಸಿರು ಆಚೆ ಕಡೆಯ ಅಂಗೈಗೆ ತಾಗಬೇಕು. ಆಮೇಲೆ ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿ. ಕೆಸುವಿನ ಎಲೆ ಮೇಲಿನಂತೆ ಉರುಳಿ ಹೋದರೆ ಸರಿ, ತಕ್ಷಣ ಹೀರಿಕೊಂಡರೆ ಮುಂದಿನದನ್ನು ತೋರಿಸಲು ಹೇಳಿ. ಒಳಮೈಯನ್ನು ಕೆನ್ನೆಗೆ ಉಜ್ಜಿ ನೋಡಿ. ಒರಟು ಅನ್ನಿಸಿದರೆ ಬೇಡವೇ ಬೇಡ. ಕಾರಿನ ಪೇಂಟಿನ ಪದರಗಳೆಲ್ಲಾ ಸೇರಿದರೂ ಸುಮಾರು 120 ಮೈಕ್ರಾನ್ ಅಷ್ಟೆ, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಗಾಳಿಗೆ ಕವರ್ ಪಟಪಟ ಅಂತ ದಿನವಿಡೀ ಬಡಿಯುತ್ತಿದ್ದರೆ ಹೊಳಪು ಉಳಿಯುವುದುಂಟೇ? ಅದೇ ಕಾರಣಕ್ಕೆ ಅಂಚಿನಲ್ಲಿ ಎಲಾಸ್ಟಿಕ್ ಇರಲಿ, ಹೊಟ್ಟೆಯ ಕೆಳಗಿಂದ ಕಟ್ಟುವ ಒಂದು ಪಟ್ಟಿ, ಬಕಲ್ ಇರಲಿ. ದೂಳು ಕೂತ ಕಾರಿಗೆ ಒರೆಸದೆ ಹೊದಿಸಿದರಂತೂ ಕವರೇ ಉಪ್ಪು ಕಾಗದ.

ಅಳತೆಯಲ್ಲೂ ಮೋಸ ಹೋಗಬೇಡಿ. ಉದ್ದ ಒಂದನ್ನೇ ಕೇಳಿ ಕೊಡುವವರಿದ್ದಾರೆ. ವ್ಯಾಗನ್ ಆರ್ ಉದ್ದದಲ್ಲಿ ಸ್ವಿಫ್ಟ್‌ಗಿಂತ ಚಿಕ್ಕದು, ಎತ್ತರದಲ್ಲಿ ಹೆಚ್ಚುಕಡಿಮೆ ಅರ್ಧ ಅಡಿ ದೊಡ್ಡದು. ನಿಮ್ಮ ಮಾಡೆಲ್ ಹೆಸರು ಹೇಳಿಯೇ ಕೇಳಿ, ಕನ್ನಡಿಗಳಿಗೆ ಕಿವಿಯಂಥ ಜೇಬು ಇದೆಯೇ ನೋಡಿ. ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋದರೆ ಹತ್ತು ಅಂಗಡಿ ಒಟ್ಟಿಗೇ ಸಿಗುತ್ತವೆ, ಕಾರನ್ನೂ ಒಯ್ಯಿರಿ. ಅಲ್ಲೇ ಹೊದಿಸಲು, ತೆಗೆಯಲು ಹೇಳಿ. ಅಂಗಡಿ ಹುಡುಗ ಅಲ್ಲ, ನೀವು ತೆಗೆಯಬೇಕು!

ಅಂದಹಾಗೆ, ಎಲ್ಲರಿಗೂ ಕವರ್ ಬೇಕೇ ಬೇಕು ಅಂತೇನಿಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲುವ, ದಿನಾ ಓಡುವ ಕಾರಿಗೆ ಅದು ಬರೀ ಖರ್ಚು. ವಾರಗಟ್ಟಲೆ ನಿಲ್ಲುವುದಾದರೆ ಅಲ್ಲಿಗೆ ತೆಳು ಹತ್ತಿ ಬಟ್ಟೆಯದು ಸಾಕು. ಮರದಡಿ ನಿಲ್ಲಿಸುವವರಿಗೆ ಮಾತ್ರ ವಿನಾಯಿತಿ ಇಲ್ಲ. ನೆರಳು ಕೊಡುವ ಮರವೇ ಅಂಟು ಸುರಿಸುತ್ತದೆ, ಹಕ್ಕಿಗಳ ಹಿಕ್ಕೆಯಂತೂ ಹುಳಿ ಗುಣದ್ದು, ಬಿಸಿಲಿಗೆ ಕಾದ ಬಾನೆಟ್ ಮೇಲೆ ಬಿದ್ದು ಒಣಗಿತೋ, ಕಲೆ ಹೋಗುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಲ್ಲಿನವರು ಬಿಸಿಲನ್ನು ವಾಪಸ್ ಕಳಿಸುವ ಬೆಳ್ಳಿ ಲೇಪನದ್ದು ಆರಿಸಲಿ. ಆ ಲೇಪನ ಪುಡಿಯಾಗಿ ಕೈಗೆ ಅಂಟಲು ಶುರುವಾದ ದಿನ ಎಸೆದುಬಿಡಿ. ಮಂಗಳೂರಿನ ಜೂನ್, ಜುಲೈಯಲ್ಲಿ ಯಾವ ಕವರೂ ಒಣಗದು. ಅಲ್ಲಿ ಮೇಲೊಂದು ಶೀಟ್ ಹಾಕಿಸಿ, ಸುತ್ತ ಗಾಳಿಯಾಡಲು ಬಿಡುವುದೇ ಮೇಲು.

ತೆಗೆಯುವ ಉಪಾಯ ಹೇಳುತ್ತೇನೆ ಕೇಳಿ. ಎರಡೂ ಪಕ್ಕಗಳನ್ನು ಕಾರಿನ ಮೇಲೆಯೇ ಮಧ್ಯಕ್ಕೆ ಮಡಚಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಚಾಪೆಯಂತೆ ಸುತ್ತಿಕೊಂಡು ಹೋಗಿ. ದೂಳಿನ ಮೈ ದೂಳಿನ ಮೈಗೇ ತಾಗುತ್ತದೆ, ನೆಲಕ್ಕೆ ಏನೂ ಬೀಳುವುದಿಲ್ಲ, ಸುರುಳಿ ಸೀದಾ ಡಿಕ್ಕಿ ಬಾಗಿಲಿಗೇ ಬಂದಿರುತ್ತದೆ. ಹೊದಿಸುವಾಗ ಮುಂದು ಯಾವುದು, ಹಿಂದು ಯಾವುದು ಅನ್ನೋ ಪರದಾಟ ತಪ್ಪಿಸಲು ನಾನು ಮುಂಭಾಗದ ಅಂಚಿಗೆ ಹಳೇ ರವಿಕೆಯ ಕೆಂಪು ತುಂಡು ಹೊಲಿದಿದ್ದೇನೆ. ಓಡಿಸಿ ಬಂದ ಕೂಡಲೇ ಹೊದಿಸಬೇಡಿ, ಎಂಜಿನ್, ಸೈಲೆನ್ಸರ್ ಆರಲಿ. ಒದ್ದೆ ಕಾರಿಗಂತೂ ಬೇಡವೇ ಬೇಡ. ಹಗಲು ಎರಡು ಮೂರು ಸಲ ಓಡಾಡುವ ಗಾಡಿಗೆ ರಾತ್ರಿ ಒಂದು ಹೊತ್ತು ಹೊದಿಸಿದರೆ ಸಾಲದೇ?

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಕವರ್ ಹಾಕುವ ಮುನ್ನ ನಾಲ್ಕೂ ಬಾಗಿಲು, ಡಿಕ್ಕಿ ಲಾಕ್ ಆಗಿವೆಯೇ ಎಳೆದು ನೋಡಿ, ಕೀ ಮಕ್ಕಳ ಕೈಗೆ ಸಿಗದಂತೆ ಇಡಿ. 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಬಳಿ ಆಟವಾಡುತ್ತಾ ನಿಂತ ಕಾರಿನೊಳಗೆ ಹೋದ ನಾಲ್ಕು ಮಕ್ಕಳು ಉಸಿರುಕಟ್ಟಿ ತೀರಿಕೊಂಡವು. ಬರೀ ಗಾಜಿನ ಕಾರಾದರೆ ದಾರಿಹೋಕರ ಕಣ್ಣಿಗಾದರೂ ಬಿದ್ದೀತು. ಮುಸುಕು ಹಾಕಿದ ಕಾರಿನೊಳಗೆ ಯಾರಿದ್ದಾರೆ ಅಂತ ಯಾರಿಗೆ ಕಾಣುತ್ತೆ? ಕಣ್ಣಾಮುಚ್ಚಾಲೆ ಆಡುವ ಮಕ್ಕಳಿಗೆ ಕವರಿನ ಒಳಗೆ ನುಸುಳುವುದೆಂದರೆ ಎಷ್ಟು ಖುಷಿ ಅನ್ನೋದು ನಮ್ಮ ಬೀದಿಯಲ್ಲಿ ನಾನೇ ನೋಡಿದ್ದೇನೆ. ಬೆಳಿಗ್ಗೆ ತೆಗೆಯುವಾಗ ಬಾನೆಟ್ ಮೇಲೆ ಎರಡು ಸಲ ತಟ್ಟಿ, ಒಳಗೆ ಬೆಚ್ಚಗೆ ಮಲಗಿದ ಬೆಕ್ಕಿನ ಮರಿಯೂ ಎದ್ದು ಹೋಗಲಿ.

ನಾನೀಗ ತೆಳುವಾದ, ಒಂದೇ ಕೈಯಲ್ಲಿ ಎತ್ತಬಹುದಾದ ಕವರ್ ತಂದಿದ್ದೇನೆ. ಜಡಿಮಳೆಗೆ ಅಲ್ಪಸ್ವಲ್ಪ ನೀರು ಇಳಿಯುತ್ತದೆ, ಇಳಿಯಲಿ, ಬಿಸಿಲು ಬಂದರೆ ಒಣಗುತ್ತೆ. ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ, ಮಗಳನ್ನು ಸಂಗೀತ ಕ್ಲಾಸಿಗೆ ಈಗ ನಾನೇ ಕರೆದುಕೊಂಡು ಹೋಗುತ್ತೇನೆ. ಹೋದ ಭಾನುವಾರ ನಮ್ಮವರು 'ಎಲ್ಲೇ ಕಾರಿನ ಕವರ್?' ಅಂತ ಹುಡುಕಾಡುತ್ತಿದ್ದರು. 'ಡಿಕ್ಕೀಲಿದೆ, ನೆಂದಿದೆ, ಮಹಡಿ ಮೇಲೆ ಹರವಿ ಬನ್ನಿ' ಅಂದೆ.